ಬಿಜಾಪುರದ ಬಿಸಲಿಗೆ ಮೈ ಹೆಂಗ ಪಳಗಿಸಿದೆ

ನಾನೇನ್ ಕೋಚ್ ಅಲ್ಲ, ಡಾಕ್ಟರೂ ಅಲ್ಲ, ಪತ್ತಿನ ಸೊಸೈಟಿಯೊಳಗ ಕ್ಲರ್ಕ್. ನಮ್ಮೂರಾಗ ನಡಿಯೋ ವೃಕ್ಷಥಾನ್ ಅನ್ನೋ ಓಟದ ಸಲುವಾಗಿ ಓಡಾಕ ಶುರು ಮಾಡಿದವ, ಆಮ್ಯಾಲ ಬಿಡಾಕ ಆಗ್ಲಿಲ್ಲ. ಆ ಓಟ ಇರೋದು ಡಿಸೆಂಬರ್ ಥಂಡ್ಯಾಗ, ಅವಾಗ ಯಾರ್ ಬೇಕಾದ್ರೂ ಓಡ್ತಾರ, ತ್ರಾಸ ಇರೋದು ಮಾರ್ಚ್ ದಾಟಿದ ಮ್ಯಾಲ. ಬ್ಯಾಸಗಿಯೊಳಗ ಮುಂಜಾನೆದ್ದು ಓಡ್ರಿ ಅಂತ ಎಲ್ಲಾರೂ ಹೇಳ್ತಾರ, ಖರೇನ ಅದ, ಆದ್ರ ನಮ್ಮನ್ಯಾಗ ಮುಂಜಾನಿ ಅಂದ್ರ ನಳಕ್ಕ ನೀರ್ ಬಂತೇನು ನೋಡೋದು, ಹುಡುಗರ ಡಬ್ಬಿ ಕಟ್ಟೋದು, ಅದರಾಗ ಮುಗೀತದ. ನನಗ ಸಿಗೋದು ಸಂಜಿ ಐದೂವರಿ, ಅವಾಗ ತೊರವಿ ಕಡೆ ರೋಡಿನ ಡಾಂಬರ್ ಇನ್ನೂ ಕಾದಿರ್ತದ. ಟೈಮ್ ಅಂತೂ ನನ್ನ ಕೈಯಾಗಿಲ್ಲ, ಮೈ ಒಂದ ಪಳಗಿಸಬೇಕು ಅಂತ ಹಿಡದೆ.

ಒಳಗ ಏನ್ ನಡೀತದ ಅಂದ್ರ, ಓಡುವಾಗ ಸ್ನಾಯು ಖರ್ಚ್ ಮಾಡೋ ಶಕ್ತಿಯೊಳಗ 100ಕ್ಕ 20-25 ಅಷ್ಟ ಓಟಕ್ಕ ಹೋಗೋದು, ಉಳದದ್ದೆಲ್ಲಾ ಬಿಸಿ ಆಗ್ತದ. ಆ ಬಿಸಿ ಹೊರಗ ಹಾಕಾಕ ರಕ್ತ ಚರ್ಮಕ್ಕ ಬರ್ಬೇಕು, ಅದ ಹೊತ್ತಿಗೆ ತೊಡಿ ಸ್ನಾಯುಗೂ ರಕ್ತ ಬೇಕು, ಇರೋದು ಒಂದ ರಕ್ತ, ಅದರಾಗೂ ಬೆವರಿನ ಕೂಡ ನೀರ್ ಹೋಗಿ ಕಮ್ಮಿ ಆಗ್ತಿರ್ತದ. ಆ ಕೊರತಿ ತುಂಬಾಕ ಎದಿ ಜೋರ್ ಬಡ್ಕೋತದ. ಜನವರಿಯೊಳಗ ನನ್ನ ವಾಚ್ ನಿಮಿಷಕ್ಕ 140 ಎದಿಬಡಿತ ತೋರಿಸ್ತಿದ್ದ ಸ್ಪೀಡಿಗೆ ಮಾರ್ಚ್ ಕಡೀಕ 160 ತೋರಿಸ್ತಿತ್ತು. ಕಾಲು ಅವ, ರೋಡೂ ಅದ, ಬದಲಾಗಿದ್ದು ಹವಾ.

ಹಂಗಾಗಿ ಸ್ಪೀಡ್ ನೋಡೋದ ಬಿಟ್ಟೆ. ಎದಿಬಡಿತ 140ರ ಮ್ಯಾಲ ಹೋತು ಅಂದ್ರ ನಡಿಯೋದು, ಇಳೀತು ಅಂದ್ರ ಮತ್ತ ಓಡೋದು (ಇದು ನನ್ನ ವಯಸ್ಸಿಗೆ, ನನ್ನ ಮೈಗೆ, ನಿಮ್ಮದು ಬ್ಯಾರೆ ಇರ್ತದ). ಮೊದಲ ವಾರ ಓಡಿದ್ದಕ್ಕಿಂತ ನಡದದ್ದ ಜಾಸ್ತಿ, ದಾರ್ಯಾಗಿನ ಚಾದಂಗಡಿಯವ "ಏನ್ರೀ ಸರ, ಬರೇ ವಾಕಿಂಗ್ ಆತಲ್ಲ" ಅಂತ ನಗ್ತಿದ್ದ, ನಗ್ಲಿ. ದಿನಾ ಒಂದ್ ತಾಸಿನಷ್ಟು, ಮೈ ಚಲೋತ್ನಾಗ ಬೆವರಬೇಕು, ಆದ್ರ ಬಾಜೂಕಿನವರ ಕೂಡ ಮಾತಾಡೋವಷ್ಟು ದಮ್ ಉಳೀಬೇಕು. ಒಂದಿನ ಮೂರ್ ತಾಸು ಬಿಸಲಾಗ ಬೆಂದು ನಾಕ್ ದಿನ ಮಲ್ಕೊಂಡ್ರ ಮೈ ಏನೂ ಕಲಿಯಂಗಿಲ್ಲ, ದಿನಾ ಸ್ವಲ್ಪ ಸ್ವಲ್ಪ ಕಾವು ಕೊಡಬೇಕು.

ಇದೇನ್ ಹೊಸಾದಲ್ಲ ಮತ್ತ. ದಕ್ಷಿಣ ಆಫ್ರಿಕಾದ ಬಂಗಾರದ ಗಣಿಗೋಳು ಭಾಳ ಆಳ, ಒಳಗ ಬರೇ ಕಾವು ಮತ್ತ ಹಸಿ ಹವಾ, ಹೊಸಾ ಕೂಲಿಕಾರರು ಕಾವಿಗೆ ಬಿದ್ದು ಸಾಯ್ತಿದ್ರು. ಅದಕ್ಕ 1930ರ ದಶಕದ ಹೊತ್ತಿಗೆ ಅವ್ರನ್ನ ಮೊದ್ಲ ಕೆಲವು ದಿನ ಬಿಸಿಯೊಳಗ ಹಗೂರ ಕೆಲಸಕ್ಕ ಹಚ್ಚಿ ಆಮ್ಯಾಲ ಪೂರಾ ಕೆಲಸಕ್ಕ ಇಳಿಸೋ ಪದ್ಧತಿ ತಂದ್ರು. ಅದು ಕರುಣೆ ಅಲ್ಲ, ಧಂಧೆ ಅಂತ ನನಗ ಅನ್ನಸ್ತದ, ಆದ್ರ ಅಲ್ಲಿ ಕಂಡ ಸಂಗತಿ ಇವತ್ತಿಗೂ ಖರೆ.

ಮೊದಲ ವಾರದಾಗ ಆಗೋದು ರಕ್ತದ ಬದಲಾವಣಿ. ಪ್ಲಾಸ್ಮಾ ಅಂತಾರಲ್ಲ, ರಕ್ತದಾಗಿನ ನೀರಿನ ಭಾಗ, ಅದು ಹೆಚ್ಚಾಗ್ತದ, ಎದಿ ಒಂದ್ ಬಡಿತಕ್ಕ ಜಾಸ್ತಿ ರಕ್ತ ಹಾಕ್ತದ, ಅದಕ್ಕ ಬಡಿತ ಇಳೀತದ. ನನಗ ಮೊದ್ಲ ಗೊತ್ತಾಗಿದ್ದೂ ಇದ, ನಡಿಯೋದು ಕಮ್ಮಿ ಆತು. ಬೆವರಿಂದು ಸ್ವಲ್ಪ ತಡ, ಎರಡು ವಾರ ಹಿಡೀತದ. ಲಗೂ ಬೆವರ್ತೀವಿ, ಜಾಸ್ತಿ ಬೆವರ್ತೀವಿ, ಮತ್ತ ಬೆವರಿನ್ಯಾಗ ಉಪ್ಪು ಕಮ್ಮಿ ಇರ್ತದ, ಯಾಕಂದ್ರ ಆಲ್ಡೋಸ್ಟೀರಾನ್ ಅನ್ನೋ ಹಾರ್ಮೋನು ಬೆವರಿನ ನಾಳದಾಗ ಉಪ್ಪನ್ನ ವಾಪಸ್ ಎಳಕೊಳ್ಳಾಕ ಹಚ್ತದ. ಇದು ನನಗ ಗೊತ್ತಾಗಿದ್ದು ಮನ್ಯಾಕಿಯಿಂದ, ಕರೇ ಟಿ-ಶರ್ಟ್ ಒಗಿಯುವಾಗ "ಓಡಾಕ ಹೋಗಾಕತ್ತೀರೋ, ಎಲ್ಲೆರೆ ಹರಟಿ ಹೊಡೀಲಿಕತ್ತೀರೋ, ಬಿಳೀ ಕಲೀನ ಬೀಳವಲ್ದು" ಅಂದ್ಲು.

ಪಳಗಿದ ಮೈಗೆ ನೀರು ಕಮ್ಮಿ ಸಾಕು ಅಂತ ಭಾಳ ಮಂದಿ ತಿಳ್ಕೊಂಡಾರ, ಅದು ಉಲ್ಟಾ, ಬೆವರು ಜಾಸ್ತಿ ಅಂದ್ರ ನೀರೂ ಜಾಸ್ತಿ. ನಾ ಓಡೋಕಿಂತ ಮೊದ್ಲ ಮತ್ತ ಆಮ್ಯಾಲ ತೂಕ ನೋಡ್ತೀನಿ, ಒಂದ್ ಕೆಜಿ ಇಳದಿದ್ರ ಹೆಚ್ಚುಕಮ್ಮಿ ಒಂದ್ ಲೀಟರ್ ನೀರು ಹೋಗೇದ ಅಂತ ಲೆಕ್ಕ. ಅದನ್ನ ಒಮ್ಮೆಲೆ ಬರೇ ನೀರಿನಿಂದ ತುಂಬೂದಿಲ್ಲ, ಬಿಂದಗಿಗಟ್ಟಲೆ ಬರೇ ನೀರ್ ಕುಡದ್ರ ರಕ್ತದಾಗಿನ ಸೋಡಿಯಂ ತೆಳ್ಳಗಾಗಿ ಅದ ಒಂದ್ ಅಪಾಯ. ಉಪ್ಪು ಹಾಕಿದ ಮಜ್ಜಿಗಿ, ಇಲ್ಲಂದ್ರ ಇಂಡಿ ಲಿಂಬಿಯ ಪಾನಕ, ಸಾವಕಾಶ ಕುಡಿಯೋದು, ರಾತ್ರಿ ಊಟ ಹೆಂಗೂ ಇರ್ತದ. ನಮ್ಮ ಕಡೆ ಒಂದ್ ಲಾಭ ಅದ, ಹವಾ ಒಣಾದು. ಬೆವರು ಆರಿದ್ರ ಅಷ್ಟ ಮೈ ತಂಪಾಗೋದು, ಒಂದ್ ಲೀಟರ್ ಆರಿದ್ರ 580 ಕಿಲೋಕ್ಯಾಲರಿ ಹತ್ತಿರ ಬಿಸಿ ಹೋಗ್ತದ, ತೊಟ್ಟಿಕ್ಕಿ ನೆಲಕ್ಕ ಬಿದ್ರ ಏನೂ ಇಲ್ಲ. ಮಂಗಳೂರಿನ್ಯಾಗ ಓಡಿದಾಗ ಇದು ಚಲೋ ತಿಳೀತು, ಮೈ ತುಂಬ ನೀರು, ಒಳಗ ಬೆಂಕಿ.

ಪಳಗಿದ್ರೂ ಒಂದ್ ಮಿತಿ ಅದ. ಏಪ್ರಿಲ್ ಮಧ್ಯಾಹ್ನ 41-42 ಇರ್ತದಲ್ಲ, ಅವಾಗ ನಾ ಓಡೂದಿಲ್ಲ, ಜ್ವರ ಇದ್ರ, ಹಿಂದಿನ ದಿನ ಹೊಟ್ಟಿ ಕೆಟ್ಟಿದ್ರ ಓಡೂದಿಲ್ಲ. ಬಿಪಿ ಗುಳಿಗಿ ತಗೊಳ್ಳೋರು, ಅದರಾಗೂ ಮೂತ್ರ ಹೆಚ್ಚ್ ಮಾಡೋ ಗುಳಿಗಿ ಇದ್ರ, ಡಾಕ್ಟರ್‌ನ್ನ ಕೇಳದ ಇದಕ್ಕ ಕೈ ಹಾಕಬ್ಯಾಡ್ರಿ. ಯಾರರೆ ತೂರಾಡಾಕ ಹತ್ತಿದ್ರ, ಏನೇನೋ ಮಾತಾಡಾಕ ಹತ್ತಿದ್ರ ಅದು ದಣಿವಲ್ಲ, ನೆರಳಿಗೆ ಎಳ್ದು ಮೈ ತುಂಬ ತಣ್ಣೀರ್ ಸುರೀರಿ, ಗಾಳಿ ಹಾಕ್ರಿ, ದವಾಖಾನಿಗೆ ಫೋನ್ ಅದರ ಕೂಡನ ಆಗ್ಲಿ.

ಇಂಡಿ ಕಡೆ ನಮ್ಮ ಕಾಕಾ ತ್ವಾಟದಾಗ ದುಡಿಯೋ ಮನಶ್ಯಾ, ತಲಿಗೆ ಟವೆಲ್, ತುಂಬತೋಳಿನ ಅಂಗಿ, ಅವ್ನಿಗೆ ಇದನ್ನೆಲ್ಲಾ ಹೇಳಿದ್ರ ನಗ್ತಾನ, ಅವ್ನ ಮೈ ದಿನಾ ಬಿಸಲಾಗ ಇರ್ತದ, ಪಳಗಿದ್ದು ಹೋಗೂದಿಲ್ಲ. ನಾವು ಕೂಲರ್ ಕೆಳಗ ಕುಂತವರದು ಹಂಗಲ್ಲ, ಮೂರ್ನಾಕ್ ವಾರ ಬಿಟ್ರ ಬಹುತೇಕ ಎಲ್ಲಾ ವಾಪಸ್ ಹೋಗ್ತದ. ಮದುವಿ ಸೀಸನ್ ಮುಗಿಸಿ ಬಂದ ಮ್ಯಾಲ ನಾ ಮತ್ತ ವಾಚ್ ನೋಡ್ಕೋತ ನಡದು ಓಡಿ, ನಡದು ಓಡಿ ಶುರು ಮಾಡೋದು, ಎರಡನೇ ಸಲ ಲಗೂ ಬರ್ತದ. ಜೂನಿನ್ಯಾಗ ಒಂದೆರಡು ಮಳಿ ಬಿದ್ದು ಹವಾ ತಂಪಾದ ವಾರ ಅದಲ್ಲ, ಅವಾಗ ಆ ಹೆಚ್ಚಾದ ಪ್ಲಾಸ್ಮಾ ಇನ್ನೂ ಮೈಯಾಗ ಇರ್ತದ, ತೊರವಿ ರೋಡಿಗೆ ಓಡಾಕ ನನಗ ವರ್ಷದಾಗ ಅದರಷ್ಟು ಚಲೋ ವಾರ ಇನ್ನೊಂದಿಲ್ಲ.