ತೊಟ್ಟಿಮನೆಗೆ ಹೊಸ ಕೋಣೆ ಕಟ್ಟುವ ಮುಂಚೆ

ಅಜ್ಜಿಗೆ ರಾತ್ರಿ ಹೊತ್ತು ಹಿತ್ತಿಲಿನ ಬಚ್ಚಲಿಗೆ ಹೋಗಲು ಆಗುವುದಿಲ್ಲ. ಮೊಮ್ಮಕ್ಕಳಿಗೆ ಅಟ್ಯಾಚ್ಡ್ ಬಾತ್‌ರೂಮ್ ಇಲ್ಲದೆ ಆಗುವುದಿಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಹೊಸ ಕೋಣೆಯ ಮಾತು ಶುರುವಾಗುವುದೇ ಹೀಗೆ, ಅಲ್ವಾ? ನಾವು ಮಣ್ಣಿನ ಗೋಡೆಗೆ ಒತ್ತಿಕೊಂಡೇ ಹೊಸದನ್ನು ಕಟ್ಟಿದೆವು. ಎರಡನೇ ಮಳೆಗಾಲಕ್ಕೆ ಸಂದಿನಲ್ಲಿ ಬೆರಳು ತೂರುವಷ್ಟು ಬಿರುಕು.

ಹಳೇ ಗೋಡೆ ಕೂರಬೇಕಾದಷ್ಟು ಕೂತಾಗಿದೆ. ಹೊಸ ಪಾಯ ಕೆಲವು ವರ್ಷ ಇಷ್ಟಿಷ್ಟೇ ಕೂರುತ್ತದೆ. ಎರಡನ್ನೂ ಸೇರಿಸಿ ಬಿಗಿದರೆ ಬಿರುಕು ಬಿಡದೆ ಇನ್ನೇನು? ಹಾಗಾಗಿ ಹೊಸ ಕೋಣೆಯನ್ನು ನಾಲ್ಕೈದು ಅಡಿ ದೂರದಲ್ಲಿ ಬೇರೆಯೇ ಕಟ್ಟಿ. ನಡುವೆ ಒಂದು ಚಿಕ್ಕ ಓಣಿ ಸಾಕು.

ಮೊದಲು ಕಾಗದಪತ್ರ. ಮನೆ ಇನ್ನೂ ಪಾಲಾಗಿಲ್ಲದಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆ ಬರಹದಲ್ಲಿರಲಿ. ಪಂಚಾಯಿತಿ ಪರವಾನಗಿಯೂ ಬೇಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಪಕ್ಕದಲ್ಲಿದ್ದೀರಾ? 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ಗೆ ಬೇರೆ ಅನುಮತಿ ಬೇಕು.

ಆಮೇಲೆ ಒಂದು ಜೋರು ಮಳೆಗೆ ಕಾಯಿರಿ. ಕೊಡೆ ಹಿಡಿದು ಹಿತ್ತಿಲಲ್ಲಿ ನಿಂತು, ಸೂರಿನ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ ನೋಡಿ ಗೂಟ ನೆಡಿ. ಆ ದಾರಿಗೆ ಪಾಯ ಅಡ್ಡ ಬಂದರೆ ನೀರು ತಿರುಗಿ ಹಳೇ ಗೋಡೆಯ ಬುಡಕ್ಕೇ ಬರುತ್ತದೆ.

ನಿಜವಾದ ತಲೆನೋವು ಓಣಿಯ ಮಾಡು. ಹೆಂಚಿನ ಎರಡು ಮಾಡು ಒಂದಕ್ಕೊಂದು ಇಳಿಯುವ ಮೂಲೆ ಇವತ್ತಲ್ಲ ನಾಳೆ ಸೋರುತ್ತದೆ. ಎಲೆ ತುಂಬಿದರೆ ಮುಗಿಯಿತು. ಓಣಿಯ ಮಾಡನ್ನು ಹಳೇ ಸೂರಿನ ಕೆಳಗೆ ತೂರಿಸಿ, ಅಲ್ಲಿ ಬೀಳುವ ನೀರು ಪಕ್ಕಕ್ಕೆ ಹೋಗುವಂತೆ ಇಳಿಜಾರು ಕೊಡಿ. ಆದರೆ ನಮ್ಮ ಕಡೆ ಸೂರು ಎಷ್ಟು ಕೆಳಗಿರುತ್ತದೆ ಗೊತ್ತಲ್ಲ, ತಲೆ ಬಗ್ಗಿಸದೆ ಹೋಗುವಂತಿಲ್ಲ! ಉಪಾಯ ಇದೆ: ಓಣಿಯ ನೆಲವನ್ನು ಎರಡು ಮೆಟ್ಟಿಲು ತಗ್ಗಿಸಿ. ಅಜ್ಜಿಗಾಗಿ ಒಂದು ಹಿಡಿಕಂಬಿ ಹಾಕಿ.

ಬಾಗಿಲಿಗೆಂದು ಗೋಡೆ ಒಡೆಯಬೇಡಿ. ಹಿತ್ತಿಲ ಬಾಗಿಲಿದ್ದರೆ ಅದೇ ಸಾಕು. ಇಲ್ಲದಿದ್ದರೆ ಒಂದು ಕಿಟಕಿಯ ಕೆಳಗಿನ ಗೋಡೆ ಮಾತ್ರ ಬಿಡಿಸಿ. ಮೇಲಿನ ಭಾರ ಹೊತ್ತ ಮರದ ತುಂಡಿಗೆ ಕೈ ಹಚ್ಚಬೇಡಿ.

ಬಿಡಿಸಿದ ಅಂಚಿಗೆ ಸುಮ್ನೆ ಸಿಮೆಂಟ್ ಮೆತ್ತುವವರೇ ಜಾಸ್ತಿ. ಮಣ್ಣಿನ ಗೋಡೆ ಹೀರಿದ ತೇವ ಹೊರಗೆ ಆರಬೇಕು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ, ಮೂರ್ನಾಲ್ಕು ವರ್ಷದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಅಲ್ಲಿಗೆ ಮಣ್ಣು ಅಥವಾ ಸುಣ್ಣದ ಗಾರೆಯೇ ಸರಿ. ಹೊಸ ಕೋಣೆಗೆ ಸಿಮೆಂಟ್ ಧಾರಾಳವಾಗಿ ಬಳಸಿ.

ನಲ್ಲಿ, ಪೈಪು ಎಲ್ಲವೂ ಹೊಸ ಕಡೆಗೇ ಇರಲಿ. 1000 ಲೀಟರ್ ಟ್ಯಾಂಕ್ ತುಂಬಿದರೆ ನೀರೇ ಒಂದು ಟನ್. ಅದನ್ನು ಹಳೇ ಅಟ್ಟದ ಮೇಲೆ ಕೂರಿಸೋಣ ಎಂದು ಮೇಸ್ತ್ರಿ ಹೇಳಿದರೆ, ಕಾಫಿ ಕೊಟ್ಟು ಹೊಸ ತಾರಸಿ ತೋರಿಸಿ.