ತಾಯಿ ಕಾರ್ಡ್ ತಂದಿದ್ದೀರಾ?

ನನ್ನ ಕ್ಲಿನಿಕ್ ಇರುವುದು ಮಂಡ್ಯ ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿ. ಹಿಂಬಾಗಿಲು ತೆರೆದರೆ ನಾಲೆ, ಅದರಾಚೆ ಕಣ್ಣು ಹಾಯಿಸಿದಷ್ಟೂ ಗದ್ದೆ. ಕೇಳಿಕೊಂಡು ಬಂದ ಮಕ್ಕಳಿಗೆ ಲಸಿಕೆ ಹಾಕಿದರೆ ನನ್ನ ಪಾಲಿನ ಕೆಲಸ ಮುಗಿಯಿತು ಎಂದೇ ಬಹಳ ಕಾಲ ತಿಳಿದಿದ್ದೆ.

ನಾಟಿಯ ಕಾಲದಲ್ಲೊಮ್ಮೆ ಎರಡು ವರ್ಷದ ಮಗುವನ್ನು ಜ್ವರವೆಂದು ಕರೆತಂದರು. ಸಾಧಾರಣ ಜ್ವರ, ಮೂರು ದಿನಕ್ಕೆ ಇಳಿಯಿತು. ನನ್ನನ್ನು ಕಾಡಿದ್ದು ಮಗುವಿನ ಲಸಿಕೆ ಪುಸ್ತಕ. ನಗರದಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದರು. ಟೈಫಾಯ್ಡ್, ಚಿಕನ್‌ಪಾಕ್ಸ್ ಎಲ್ಲ ಇದ್ದವು. ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಮಾತ್ರ ಇರಲಿಲ್ಲ. ನಮ್ಮವರ ಬಾಯಲ್ಲಿ ಅದು ಮೆದುಳು ಜ್ವರ.

ಮಂಡ್ಯದಲ್ಲಿ ಬೆಳೆಯುವ ಮಗುವಿಗೆ ಇದು ತಪ್ಪಬಾರದ ಲಸಿಕೆ. ಈ ರೋಗದ ವೈರಾಣು ಹಂದಿಗಳಲ್ಲಿ, ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ ಹೆಚ್ಚುತ್ತದೆ. ಅದನ್ನು ಮನುಷ್ಯರಿಗೆ ದಾಟಿಸುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು ಭತ್ತದ ಗದ್ದೆಯ ನಿಂತ ನೀರಿನಲ್ಲಿ. ಮೆದುಳಿಗೆ ಏರಿದ ಮೇಲೆ ವೈರಾಣುವನ್ನು ಕೊಲ್ಲುವ ಔಷಧಿಯಿಲ್ಲ. ಬದುಕುಳಿದ ಮಕ್ಕಳಲ್ಲೂ ಅನೇಕರಿಗೆ ಮಾತು, ನಡಿಗೆ, ಬುದ್ಧಿಯಲ್ಲಿ ಶಾಶ್ವತ ಊನ ಉಳಿಯುತ್ತದೆ. ಅಂಥ ಒಂದು ಮಗುವನ್ನು ಓದುವ ದಿನಗಳಲ್ಲಿ ವಾರ್ಡಿನಲ್ಲಿ ನೋಡಿದ್ದೇನೆ. ಅದರ ಅಜ್ಜಿ ಇಡೀ ದಿನ ಮೊಮ್ಮಗನ ಹೆಸರು ಹಿಡಿದು ಕೂಗುತ್ತಲೇ ಇದ್ದರು. ರೋಗ ಬೇರೂರಿದ ಜಿಲ್ಲೆಗಳಲ್ಲಿ ಸರ್ಕಾರ ಈ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಉಚಿತವಾಗಿ ಹಾಕುತ್ತದೆ.

ಅಂದಿನಿಂದ ಕೆಮ್ಮಿಗೆ ಬರಲಿ, ಕಜ್ಜಿಗೆ ಬರಲಿ, ಮಗುವಿನ ಜೊತೆ ಲಸಿಕೆಗಳ ವಿವರ ಬರೆದಿಡುವ ತಾಯಿ ಕಾರ್ಡನ್ನೂ ಕೇಳುತ್ತೇನೆ. ಖಾಲಿ ಕಾಲಂ ಕಂಡರೆ ಹೆಸರು, ಊರು, ಫೋನ್ ನಂಬರ್ ನೋಟ್‌ಬುಕ್ಕಿಗೆ ಸೇರುತ್ತದೆ. ಬುಧವಾರ ಸಂಜೆ ನಾನೇ ಫೋನ್ ಮಾಡುತ್ತೇನೆ, ಏಕೆಂದರೆ ಗುರುವಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ದಿನ. ದಡಾರ-ರುಬೆಲ್ಲಾ ಲಸಿಕೆಯ ಸೀಸೆಯಲ್ಲಿನ ಪುಡಿಗೆ ದ್ರಾವಣ ಸೇರಿಸಿ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ಮಕ್ಕಳು ಒಂದೇ ದಿನ ಒಟ್ಟಿಗೆ ಬಂದಷ್ಟೂ ಅಲ್ಲಿನ ಸಿಸ್ಟರ್‌ಗೆ ಅನುಕೂಲ. ನಾನು ಈಗ ಹೆಚ್ಚು ಲಸಿಕೆ ದಾಸ್ತಾನು ಇಡುವುದಿಲ್ಲ. ಒಂದು ರಾತ್ರಿ ನನ್ನ ಫ್ರಿಜ್ ಕೆಟ್ಟು, ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್ ಸೀಸೆಗಳು ಹೆಪ್ಪುಗಟ್ಟಿದ್ದವು. 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಲಸಿಕೆ ಅದು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ. ಅಷ್ಟನ್ನೂ ಎಸೆದೆ. ಬೆಳಿಗ್ಗೆ ನೋಡದೇ ಹಾಕಿಬಿಟ್ಟಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಲಸಿಕೆ ತಪ್ಪುವುದಕ್ಕೆ ತಾಯಂದಿರ ಅಸಡ್ಡೆ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನೋಟ್‌ಬುಕ್ ಬೇರೆಯದೇ ಹೇಳುತ್ತದೆ. ಬಾಣಂತನ ತವರಿನಲ್ಲಿ, ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗಳು ಅಲ್ಲೇ ಆಗುತ್ತವೆ. ಐದನೆಯ ತಿಂಗಳಿಗೆ ಸೊಸೆ ಮಗುವಿನೊಡನೆ ಗಂಡನ ಮನೆಗೆ ಬರುತ್ತಾಳೆ, ಕಾರ್ಡ್ ತವರಿನ ಬೀರುವಿನಲ್ಲೇ ಉಳಿಯುತ್ತದೆ. ಆ ಊರಿನ ಆಶಾ ಕಾರ್ಯಕರ್ತೆ ಮಗು ಹೋಯಿತು ಎಂದುಕೊಳ್ಳುತ್ತಾರೆ, ಈ ಊರಿನವರಿಗೆ ಬಂದದ್ದೇ ತಿಳಿದಿರುವುದಿಲ್ಲ. ಒಂಬತ್ತು ತಿಂಗಳ ಲಸಿಕೆ ಎರಡು ಊರುಗಳ ನಡುವೆ ಬಿದ್ದುಹೋಗುತ್ತದೆ. ಈಗ ತವರಿನಿಂದ ಹೊರಡುವ ಮೊದಲೇ ಕಾರ್ಡಿನ ಫೋಟೊವನ್ನು ಗಂಡನ ಮೊಬೈಲಿಗೂ ಕಳಿಸಲು ಹೇಳುತ್ತೇನೆ.

ತಡವಾಯಿತೆಂದು ನಾಚಿ ಬಾರದವರೂ ಇದ್ದಾರೆ. ಅವರಿಗೆ ಹೇಳುವುದಿಷ್ಟೇ: ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ನೆಗಡಿ, ಸಣ್ಣ ಕೆಮ್ಮು ಇದ್ದರೂ ಹಾಕಿಸಬಹುದು. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕಿದ ತೋಳಿನಲ್ಲಿ ಕೆಲವು ವಾರಗಳ ನಂತರ ಸಣ್ಣ ಹುಣ್ಣಾಗುವುದು ಸಹಜ, ಅದಕ್ಕೆ ಸೊಪ್ಪಿನ ರಸ ಹಚ್ಚಬೇಡಿ.

ಆ ಎರಡು ವರ್ಷದ ಮಗುವಿಗೆ ಜ್ವರ ಬಿಟ್ಟ ಮುಂದಿನ ಗುರುವಾರ ಮೊದಲ ಡೋಸ್ ಆಯಿತು. ಎರಡನೆಯದಕ್ಕೆ ತಾಯಿ ನನ್ನ ಫೋನಿಗೆ ಕಾಯಲಿಲ್ಲ. ಓರಗಿತ್ತಿಯನ್ನೂ ಅವರ ಕೂಸನ್ನೂ ಕರೆದುಕೊಂಡು ತಾವೇ ಹೋಗಿದ್ದರು. ವಾಪಸು ಬರುವಾಗ ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತು ಎರಡು ಕಾರ್ಡುಗಳನ್ನೂ ತೆರೆದು ತೋರಿಸಿದರು.