ರೆಸಿಡೆಂಟ್ ವೈದ್ಯರು ಡ್ಯೂಟಿಯ ಹೊರಗಿನ ಬದುಕನ್ನು ಉಳಿಸಿಕೊಳ್ಳುವ ಬಗೆ

ಸ್ನಾತಕೋತ್ತರ ವೈದ್ಯಕೀಯ ತರಬೇತಿಗೆಂದು ಮಹಾನಗರಕ್ಕೆ ಬರುವ ರೆಸಿಡೆಂಟ್ ವೈದ್ಯರು ಯಾವ ವಿಭಾಗ, ಯಾರ ಯೂನಿಟ್, ಎಷ್ಟು ರೋಗಿಗಳು ಬರುತ್ತಾರೆ ಎಂಬುದನ್ನೆಲ್ಲ ಮೊದಲೇ ವಿಚಾರಿಸಿಕೊಂಡಿರುತ್ತಾರೆ. ಡ್ಯೂಟಿ ಮುಗಿದ ಮೇಲೆ ಉಳಿಯುವ ಹೊತ್ತನ್ನು ಹೇಗೆ ಕಳೆಯಬೇಕೆಂದು ಮಾತ್ರ ಯೋಚಿಸಿರುವುದಿಲ್ಲ. ಆ ಹೊತ್ತು ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಅಮೆರಿಕದಲ್ಲಿ 2003ರಿಂದ ರೆಸಿಡೆಂಟ್‌ಗಳ ಕೆಲಸಕ್ಕೆ ವಾರಕ್ಕೆ ಸರಾಸರಿ 80 ಗಂಟೆಗಳ ಮಿತಿಯಿದೆ. ಅಷ್ಟೇ ದುಡಿಯುತ್ತೀರೆಂದು ಇಟ್ಟುಕೊಂಡರೂ ವಾರದ 168 ಗಂಟೆಗಳಲ್ಲಿ 88 ಉಳಿಯುತ್ತವೆ. ದಿನಕ್ಕೆ 7 ಗಂಟೆಯಂತೆ ನಿದ್ದೆಯನ್ನು ಕಳೆದರೆ ಕೈಯಲ್ಲಿರುವುದು 39 ಗಂಟೆ. ಊಟ, ಸ್ನಾನ, ಬಟ್ಟೆಬರೆ, ಓದು, ಮನೆಯವರು, ಸ್ನೇಹಿತರು ಎಲ್ಲವೂ ಅದರೊಳಗೇ ಆಗಬೇಕು.

ಆದ್ದರಿಂದ ನೀವು ಮಾಡುವ ಅತಿ ದೊಡ್ಡ ನಿರ್ಧಾರ ಮನೆಯದು. ಆಸ್ಪತ್ರೆಗೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಹಿಡಿದರೆ, ವಾರಕ್ಕೆ ಆರು ದಿನದಲ್ಲಿ 12 ಗಂಟೆ, ಅಂದರೆ ಬಿಡುವಿನ ಮೂರನೆಯ ಒಂದು ಪಾಲಿನಷ್ಟು, ರಸ್ತೆಯಲ್ಲೇ ಕಳೆದುಹೋಗುತ್ತದೆ. ದೂರದ ವಿಶಾಲವಾದ ಮನೆಗಿಂತ ನಡೆದು ತಲುಪಬಹುದಾದ ಚಿಕ್ಕ ಕೋಣೆಯೇ ಮೇಲೆಂಬುದು ನನ್ನ ಖಚಿತವಾದ ಅಭಿಪ್ರಾಯ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಆ ಹಣಕ್ಕೆ ನೀವು ಕೊಳ್ಳುತ್ತಿರುವುದು ನಿದ್ದೆಯನ್ನು. ಪೋಸ್ಟಿಂಗ್‌ಗಳು ಬೇರೆ ಬೇರೆ ಆಸ್ಪತ್ರೆಗಳಲ್ಲಿದ್ದರೆ, ರಾತ್ರಿ ಡ್ಯೂಟಿ ಹೆಚ್ಚಾಗಿ ಬೀಳುವ ಆಸ್ಪತ್ರೆಯ ಹತ್ತಿರ ಮನೆ ಹುಡುಕಿ. ಮನೆ ನೋಡಲು ಹಗಲಿನಲ್ಲಿ ಒಮ್ಮೆ, ತಡರಾತ್ರಿ ಒಮ್ಮೆ ಹೋಗಿ: ಹಗಲು ನಿದ್ದೆ ಮಾಡಲು ಅಲ್ಲಿ ಸದ್ದಿಲ್ಲದೆ ಇರುತ್ತದೆಯೇ, ಕೋಣೆಯನ್ನು ಪೂರ್ತಿ ಕತ್ತಲು ಮಾಡಬಹುದೇ, ಅವೇಳೆಯಲ್ಲಿ ಹಿಂದಿರುಗುವ ದಾರಿ ಕ್ಷೇಮವೇ ಎಂಬುದು ಆಗಲೇ ತಿಳಿಯುವುದು.

ರಾತ್ರಿ ಡ್ಯೂಟಿಯ ಮರುದಿನವನ್ನು ರಜೆಯೆಂದು ಎಣಿಸಬೇಡಿ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನವು ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ದೀರ್ಘ ಪಾಳಿ ಮುಗಿಸಿ ವಾಹನ ಓಡಿಸಿಕೊಂಡು ಹೋಗುವ ಇಂಟರ್ನ್‌ಗಳಲ್ಲಿ, ಅಂದರೆ ತರಬೇತಿಯ ಮೊದಲ ವರ್ಷದ ವೈದ್ಯರಲ್ಲಿ, ಅಪಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚೆಂದು 2005ರ ಅಮೆರಿಕದ ಅಧ್ಯಯನ ಕಂಡುಕೊಂಡಿತು. ರೋಗಿಗೆ ಕುಡಿದು ಗಾಡಿ ಓಡಿಸಬೇಡಿರೆಂದು ಹೇಳುವ ನಾವು ಈ ಸ್ಥಿತಿಯಲ್ಲಿ ಸ್ವತಃ ಗಾಡಿ ಹತ್ತಬಾರದು. ಡ್ಯೂಟಿ ರೂಮಿನಲ್ಲಿ ಸ್ವಲ್ಪ ಮಲಗಿ ಹೊರಡಿ, ಇಲ್ಲವೇ ಬೇರೆಯವರು ಓಡಿಸುವ ವಾಹನದಲ್ಲಿ ಹೋಗಿ. ಕೆಫೀನಿನ ಅರ್ಧಾಯುಷ್ಯ, ಅಂದರೆ ಅದು ದೇಹದಲ್ಲಿ ಅರ್ಧಕ್ಕಿಳಿಯಲು ಬೇಕಾದ ಹೊತ್ತು, ಸುಮಾರು ಐದು ಗಂಟೆಯಾದ್ದರಿಂದ ಬೆಳಗಿನ ಜಾವದ ಕಾಫಿ ಹಗಲಿನ ನಿದ್ದೆಯನ್ನು ಕೆಡಿಸುತ್ತದೆ; ಅದನ್ನು ಪಾಳಿಯ ಮೊದಲ ಭಾಗಕ್ಕೇ ಮುಗಿಸಿ. ಒಂದೇ ರಾತ್ರಿಯ ಡ್ಯೂಟಿಯಾಗಿದ್ದರೆ ಬೆಳಿಗ್ಗೆ ಕೆಲವು ಗಂಟೆ ಮಾತ್ರ ಮಲಗಿ, ಮಧ್ಯಾಹ್ನ ಎದ್ದು ಬಿಸಿಲು ಬೆಳಕಿನಲ್ಲಿ ಓಡಾಡಿ, ಆ ರಾತ್ರಿ ಬೇಗ ಮಲಗುವುದು ಹೆಚ್ಚಿನವರಿಗೆ ಒಗ್ಗುತ್ತದೆ. ಮುಂದಿನ ರಾತ್ರಿಯೂ ಡ್ಯೂಟಿಯಿದ್ದರೆ ಹಗಲೆಲ್ಲ ಮಲಗುವುದೇ ಸರಿ.

ನಿದ್ದೆಗೆ ಒಂದು ನೆಲೆ ಸಿಕ್ಕ ಮೇಲೆ, ವಾರಕ್ಕೆ ಒಂದೇ ಒಂದು ಹವ್ಯಾಸವನ್ನು ಹಿಡಿದುಕೊಳ್ಳಿ. ಪ್ರತಿ ಮಂಗಳವಾರ ಸಂಜೆ ಆರಕ್ಕೆ ಹಾಜರಿರಲೇಬೇಕಾದ ತರಗತಿಗೆ ಸೇರಿದರೆ, ಬದಲಾಗುತ್ತಲೇ ಇರುವ ರೋಸ್ಟರ್ (ಡ್ಯೂಟಿ ಪಟ್ಟಿ) ನಿಮ್ಮನ್ನು ಕೆಲವೇ ವಾರಗಳಲ್ಲಿ ಅಲ್ಲಿಂದ ಬಿಡಿಸುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ತೆರೆದಿರುವ ಈಜುಕೊಳ, ಗ್ರಂಥಾಲಯ, ಉದ್ಯಾನ, ನಿಮ್ಮ ಬಿಡುವಿಗೆ ಹೊಂದಿಕೊಂಡು ಪಾಠ ಹೇಳುವ ಸಂಗೀತದ ಗುರು ಇಂಥವನ್ನು ಆರಿಸಿಕೊಳ್ಳಿ. ದೊಡ್ಡ ನಗರದಲ್ಲಿ ಇಂಥ ಅನುಕೂಲಗಳು ಹೇರಳವಾಗಿರುತ್ತವೆ.

ಸ್ನೇಹಿತರಲ್ಲಿ ಒಬ್ಬರಿಬ್ಬರಾದರೂ ವೈದ್ಯರಲ್ಲದವರಿರಲಿ. ಬರೀ ಸಹೋದ್ಯೋಗಿಗಳ ನಡುವೆಯೇ ಇದ್ದರೆ ಬಿಡುವಿನ ಮಾತೂ ವಾರ್ಡಿನತ್ತಲೇ ತಿರುಗುತ್ತದೆ; ಮೇಲಾಗಿ, ರೋಗಿಯ ಗುರುತು ಸಿಗುವಂಥ ವಿಷಯ ಹೊರಗಿನವರ ಮುಂದೆ ಆಡುವಂತಿಲ್ಲವಾದ್ದರಿಂದ ಅವರೊಡನೆ ಮಾತು ಸಹಜವಾಗಿ ಬೇರೆ ಲೋಕಕ್ಕೆ ಹೊರಳುತ್ತದೆ. "ಬಿಡುವಾದಾಗ ಸಿಗೋಣ" ಎಂದು ಬಿಟ್ಟರೆ ಆ ಬಿಡುವು ಬರುವುದಿಲ್ಲ. ರೋಸ್ಟರ್ ಕೈಗೆ ಬಂದ ದಿನವೇ ದಿನಾಂಕ ಗೊತ್ತುಮಾಡಿ, ಮನೆಯವರಿಗೂ ರೋಸ್ಟರಿನ ಒಂದು ಪ್ರತಿ ಕಳಿಸಿ. ಸಂಗಾತಿ ಇರುವವರು ಮುಖ್ಯವಾದ ಮಾತುಗಳನ್ನು ನೈಟ್ ಡ್ಯೂಟಿಯ ಮರುಬೆಳಿಗ್ಗೆ ಎತ್ತುವುದಿಲ್ಲವೆಂದು ಒಪ್ಪಂದ ಮಾಡಿಕೊಂಡರೆ ಎಷ್ಟೋ ಜಗಳ ತಪ್ಪುತ್ತದೆ.

ಸಹಪಾಠಿಗಳ ಕಷ್ಟಕಾಲಕ್ಕೆ ಡ್ಯೂಟಿ ಬದಲಾಯಿಸಿಕೊಡಿ, ಆದರೆ ಬದಲಿ ದಿನವನ್ನು ಆಗಲೇ ಬರೆದಿಟ್ಟುಕೊಳ್ಳಿ. ವಾರ್ಷಿಕ ರಜೆಯನ್ನು ಪರೀಕ್ಷೆಯ ಓದಿಗೆಂದೇ ಪೂರ್ತಿ ಮೀಸಲಿಡುವುದು ವಾಡಿಕೆ. ಅದರಲ್ಲಿ ಕೆಲವು ದಿನಗಳನ್ನಾದರೂ ಪುಸ್ತಕ ಮುಟ್ಟದೆ ಕಳೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ತೀರದ ಒತ್ತಡದಿಂದ ಬರುವ ಸ್ಥಿತಿಯನ್ನು, ವಿವರಿಸುವಾಗ ಮೂರು ಲಕ್ಷಣಗಳನ್ನು ಹೇಳಿತು: ಬಳಲಿಕೆ, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು ಅಥವಾ ಸಿನಿಕತನ, ಮತ್ತು ಕಾರ್ಯಕ್ಷಮತೆ ಕುಂದುವುದು. ಬಿಡುವಿನ ದಿನಗಳು ಕಳೆದರೂ ಇವು ತಗ್ಗದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಿ. ನಿಮಗೆ ನೀವೇ ಮಾತ್ರೆ ಬರೆದುಕೊಳ್ಳಬೇಡಿ, ಕಾರಿಡಾರಿನಲ್ಲಿ ಸಿಕ್ಕ ಸೀನಿಯರ್ ಕೊಟ್ಟ ಸಲಹೆಯೂ ಸಾಲದು. ನಿಮ್ಮ ವಿಭಾಗಕ್ಕೆ, ಸಾಧ್ಯವಾದರೆ ನಿಮ್ಮ ಆಸ್ಪತ್ರೆಗೂ ಸೇರದ ವೈದ್ಯರೊಬ್ಬರನ್ನು ಆರೋಗ್ಯ ಚೆನ್ನಾಗಿರುವಾಗಲೇ, ತರಬೇತಿಯ ಮೊದಲ ತಿಂಗಳಲ್ಲೇ ಗೊತ್ತುಮಾಡಿಕೊಂಡು, ಅವರು ಸಿಗುವ ವೇಳೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.